ಸರ್ ಜೇಮ್ಸ್ ಯಂಗ್ ಸಿಂಪ್ಸನ್: ಪ್ರಸವವೇದನೆಯನ್ನು ಶಮನಗೊಳಿಸಿದ ವೈದ್ಯನು

ಹೆರಿಗೆಯ ಬೇನೆಯು ಎಲ್ಲಾ ದೇಶಗಳ ಸ್ತ್ರೀಯರಿಗೂ ಒಂದೇ. ಅರಮನೆಯ ರಾಣಿಗೂ ಗುಡಿಸಲಿನ ಕೂಲಿಯವಳಿಗೂ ಅದರಲ್ಲಿ ಭೇದವಿಲ್ಲ. ಆ ಬೇನೆಯನ್ನು ಔಷಧದಿಂದ ಶಮನಗೊಳಿಸಬಹುದೆಂದು ಲೋಕಕ್ಕೆ ತೋರಿಸಿಕೊಟ್ಟವನು ಸ್ಕಾಟ್ಲಂಡ್ ದೇಶದ ಜೇಮ್ಸ್ ಯಂಗ್ ಸಿಂಪ್ಸನ್ ಎಂಬ ವೈದ್ಯನು. ಈ ಬೇನೆಯು ಹವ್ವಳಿಗೆ ವಿಧಿಸಲ್ಪಟ್ಟದ್ದಾದುದರಿಂದ ಅದನ್ನು ತಗ್ಗಿಸುವುದು ದೈವಾಜ್ಞೆಗೆ ವಿರೋಧವೆಂದು ಎಣಿಸುವವರು ಅವನ ಕಾಲದಲ್ಲಿ ಇದ್ದರು. ನಮ್ಮ ಊರುಗಳಲ್ಲಿಯೂ ಅಂಥವರು ಇಲ್ಲದಿಲ್ಲ. ಆದಕಾರಣ ಪ್ರಿಯ ವಾಚಕರು ಈತನ ಚರಿತ್ರೆಯನ್ನು ತಿಳಿದುಕೊಳ್ಳುವುದು ಯುಕ್ತವಾಗಿದೆ.

ಸಿಂಪ್ಸನನು 1811ನೆಯ ಇಸವಿ ಜೂನ್ 7ನೆಯ ತಾರೀಖು ಬಾತ್‌ಗೇಟ್ ಎಂಬ ಚಿಕ್ಕ ಊರಿನಲ್ಲಿ ಹುಟ್ಟಿದನು. ತಂದೆಯು ರೊಟ್ಟಿ ಸುಟ್ಟು ಮಾರಿ ಜೀವಿಸುತ್ತಿದ್ದ ಬಡವನು. ಎಂಟು ಮಂದಿ ಮಕ್ಕಳಲ್ಲಿ ಇವನೇ ಕಡೆಯವನು. ಒಂಬತ್ತು ವರುಷದವನಾಗಿರುವಾಗ ತಾಯಿಯು ತೀರಿಕೊಂಡದ್ದರಿಂದ ಅಕ್ಕನೇ ಅವನಿಗೆ ತಾಯಿಯಾದಳು. ಹುಡುಗನು ಬುದ್ಧಿವಂತನೆಂದು ಕಂಡು ಮನೆಯವರೆಲ್ಲರೂ ತಮ್ಮ ಸಂಪಾದನೆಯಲ್ಲಿ ಒಂದು ಪಾಲನ್ನು ಅವನಿಗಾಗಿ ಮೀಸಲಿಟ್ಟು, 14ನೆಯ ವಯಸ್ಸಿನಲ್ಲಿ ಅವನನ್ನು ಎಡಿನ್‌ಬರೋ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದರು. ಅಣ್ಣಂದಿರು ತಮಗಿಲ್ಲದ ಸೌಕರ್ಯವನ್ನು ತಮ್ಮನಿಗೆ ಒದಗಿಸಿದ್ದನ್ನು ಅವನು ಕಡೆಯ ತನಕ ಮರೆಯಲಿಲ್ಲ.

ಆ ಕಾಲದಲ್ಲಿ ರೋಗಿಯನ್ನು ಮೈಮರೆಸುವ ಔಷಧವು ಯಾವುದೂ ಬಳಕೆಯಲ್ಲಿರಲಿಲ್ಲ. ಎಚ್ಚರವಾಗಿರುವವರನ್ನೇ ಬಲವಾಗಿ ಹಿಡಿದುಕೊಂಡು ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ವಿದ್ಯಾರ್ಥಿಯಾದ ಸಿಂಪ್ಸನನು ಒಂದು ದಿನ ರಾಬರ್ಟ್ ಲಿಸ್ಟನ್ ಎಂಬ ಪ್ರಸಿದ್ಧ ಶಸ್ತ್ರವೈದ್ಯನು ಬಡ ಹೆಂಗಸೊಬ್ಬಳ ಸ್ತನವನ್ನು ಕೊಯ್ದು ತೆಗೆಯುವುದನ್ನು ನೋಡಿದನು. ಆಕೆಯ ಸಂಕಟವನ್ನು ತಾಳಲಾರದೆ ಅಲ್ಲಿಂದ ಹೊರಟು, ವೈದ್ಯವೃತ್ತಿಯೇ ಬೇಡವೆಂದು ನ್ಯಾಯಾಲಯದಲ್ಲಿ ಗುಮಾಸ್ತೆಯ ಕೆಲಸವನ್ನು ಕೇಳಲು ಹೋದನಂತೆ. ಆದರೆ ದಾರಿಯಲ್ಲಿ ಅವನ ಮನಸ್ಸು ತಿರುಗಿತು. ಇಂಥ ವೇದನೆಯನ್ನು ನೋಡಲಾರದೆ ಓಡಿಹೋಗುವುದಕ್ಕಿಂತ ಅದಕ್ಕೆ ಪರಿಹಾರವನ್ನು ಹುಡುಕುವುದೇ ಮೇಲೆಂದು ನಿಶ್ಚಯಿಸಿ, ಪುನಃ ಓದಿಗೆ ಕುಳಿತನು. 1830ರಲ್ಲಿ ವೈದ್ಯನಾಗಲು ಅನುಮತಿಯನ್ನೂ 1832ರಲ್ಲಿ ಎಂ. ಡಿ. ಪದವಿಯನ್ನೂ ಪಡೆದನು. 1840ರಲ್ಲಿ, ಇನ್ನೂ 28 ವರುಷದವನಾಗಿರುವಾಗಲೇ, ಒಂದೇ ಮತದ ಅಂತರದಿಂದ ಎಡಿನ್‌ಬರೋದಲ್ಲಿ ಪ್ರಸೂತಿಶಾಸ್ತ್ರದ ಅಧ್ಯಾಪಕನಾಗಿ ಚುನಾಯಿತನಾದನು. ಅವನ ಮನೆಯ ಬಾಗಿಲಲ್ಲಿ ಶ್ರೀಮಂತರೂ ಬಡವರೂ ಒಟ್ಟಾಗಿ ಕಾದಿರುತ್ತಿದ್ದರು. ಬಡವರಿಂದ ಅವನು ಹಣವನ್ನು ಕೇಳುತ್ತಿರಲಿಲ್ಲ.

1846ನೆಯ ಇಸವಿ ಅಕ್ಟೋಬರ್ 16ರಂದು ಅಮೆರಿಕಾದ ಬಾಸ್ಟನ್ ಪಟ್ಟಣದಲ್ಲಿ ಮಾರ್ಟನ್ ಎಂಬ ದಂತವೈದ್ಯನು ಈಥರ್ ಎಂಬ ದ್ರವದ ಆವಿಯನ್ನು ಮೂಸಿಸಿ, ರೋಗಿಗೆ ನೋವು ತಿಳಿಯದಂತೆ ಶಸ್ತ್ರಚಿಕಿತ್ಸೆ ನಡೆಯುವಂತೆ ಮಾಡಿದನು. ಈ ವರ್ತಮಾನವು ಬಂದ ಕೂಡಲೇ ಸಿಂಪ್ಸನನು ಹೆರುವ ಹೆಂಗಸರನ್ನು ನೆನೆದನು. 1847ನೆಯ ಇಸವಿ ಜನವರಿ 19ರಂದು, ಕಟಿಯ ಎಲುಬು ಸಂಕುಚಿತವಾಗಿದ್ದು ಹೆರಲಾರದೆ ಸಂಕಟಪಡುತ್ತಿದ್ದ ಒಬ್ಬಾಕೆಗೆ ಈಥರನ್ನು ಕೊಟ್ಟನು. ಔಷಧದ ಬಲದಿಂದ ನೋವು ಅಡಗಿದರೂ ಗರ್ಭಕೋಶವು ಕೂಸನ್ನು ಹೊರಕ್ಕೆ ನೂಕುವ ತನ್ನ ಕೆಲಸವನ್ನು ನಿಲ್ಲಿಸಲಿಲ್ಲ. ಇದೇ ಅವನು ಕಂಡುಕೊಂಡ ಮುಖ್ಯ ಸಂಗತಿ. ಬೇನೆಯಿಲ್ಲದಿದ್ದರೆ ಕೂಸು ಹೊರಗೆ ಬಾರದೆಂಬ ಭಯವು ನಿರಾಧಾರವೆಂದು ಇದರಿಂದ ತಿಳಿಯಿತು.

ಆದರೆ ಈಥರಿನ ವಾಸನೆಯು ಅಸಹ್ಯವಾದದ್ದು. ಅದು ಕೆಮ್ಮನ್ನೂ ಬರಿಸುತ್ತಿತ್ತು. ಆದಕಾರಣ ಸಿಂಪ್ಸನನು ಅದಕ್ಕಿಂತ ಉತ್ತಮವಾದದ್ದನ್ನು ಹುಡುಕುತ್ತಾ, ರಾತ್ರಿಯ ಊಟವಾದ ಮೇಲೆ ತನ್ನ ಇಬ್ಬರು ಸಹಾಯಕರೊಂದಿಗೆ ನಾನಾ ದ್ರವಗಳನ್ನು ತಾನೇ ಮೂಸಿ ಪರೀಕ್ಷಿಸುತ್ತಿದ್ದನು. ಕ್ಲೋರೋಫಾರ್ಮ್ ಎಂಬ ದ್ರವವನ್ನು ಪರೀಕ್ಷಿಸಬಹುದೆಂದು ಡೇವಿಡ್ ವಾಲ್ಡಿ ಎಂಬ ರಸಾಯನಜ್ಞನು ಸೂಚಿಸಿದನು. 1847ನೆಯ ಇಸವಿ ನವೆಂಬರ್ 4ರ ರಾತ್ರಿ ಮೂವರೂ ಅದನ್ನು ಮೂಸಿದರು. ಕೊಂಚ ಹೊತ್ತಿನಲ್ಲಿಯೇ ಮೂವರೂ ಮೇಜಿನ ಕೆಳಗೆ ಮೈಮರೆತು ಬಿದ್ದಿದ್ದರು. ಎಚ್ಚೆತ್ತ ಮೇಲೆ, ತಾನು ಹುಡುಕುತ್ತಿದ್ದದ್ದು ಇದೇ ಎಂದು ಸಿಂಪ್ಸನನು ತಿಳಿದನು. ನಾಲ್ಕು ದಿವಸಗಳ ಬಳಿಕ ವೈದ್ಯನೊಬ್ಬನ ಪತ್ನಿಯು ಇದರ ಸಹಾಯದಿಂದ ಹೆಣ್ಣುಮಗುವನ್ನು ಹೆತ್ತಳು. 1848ರ ಆರಂಭದಲ್ಲಿಯೇ ಕಲ್ಕತ್ತೆಯ ವೈದ್ಯರು ಕ್ಲೋರೋಫಾರ್ಮನ್ನು ಬಳಸತೊಡಗಿದರು. ಅದನ್ನು ಸೂಚಿಸಿದ ವಾಲ್ಡಿಯೂ 1853ರಲ್ಲಿ ಅದೇ ಪಟ್ಟಣಕ್ಕೆ ಬಂದು, ರಸಾಯನದ್ರವ್ಯಗಳನ್ನು ತಯಾರಿಸುತ್ತಾ 1889ರಲ್ಲಿ ಅಲ್ಲಿಯೇ ತೀರಿಕೊಂಡನು.

ಇಷ್ಟರಲ್ಲಿ ಆಕ್ಷೇಪಣೆಗಳು ಎದ್ದವು. ಸ್ತ್ರೀಯು ಬೇನೆಯಿಂದಲೇ ಹೆರಬೇಕೆಂದು ಆದಿಕಾಂಡದ ಮೂರನೆಯ ಅಧ್ಯಾಯದಲ್ಲಿ ಹೇಳಿರುವಾಗ ಅದನ್ನು ಮೀರಬಹುದೇ ಎಂದು ಕೆಲವರು ಕೇಳಿದರು. ಸಿಂಪ್ಸನನು ದೇವಭಕ್ತರ ಮನೆಯಲ್ಲಿ ಬೆಳೆದವನು. ವೇದವಾಕ್ಯವನ್ನು ಹಾಸ್ಯಮಾಡಿ ತಳ್ಳಿಬಿಡುವ ಸ್ವಭಾವವು ಅವನದಲ್ಲ. ಆದುದರಿಂದ 1847ರ ಡಿಸೆಂಬರಿನಲ್ಲಿ ಒಂದು ಚಿಕ್ಕ ಪುಸ್ತಕವನ್ನು ಬರೆದು ವೇದದಿಂದಲೇ ಉತ್ತರಕೊಟ್ಟನು. ಅಲ್ಲಿರುವ ಇಬ್ರಿಯ ಪದವು ಬರಿಯ ನೋವನ್ನಲ್ಲ, ಪ್ರಯಾಸವನ್ನೂ ದುಡಿಮೆಯನ್ನೂ ಸೂಚಿಸುತ್ತದೆಂದು ತೋರಿಸಿದನು. ಅದೇ ಅಧ್ಯಾಯದಲ್ಲಿ ಭೂಮಿಯು ಮುಳ್ಳುಕಳೆಗಳನ್ನು ಬೆಳೆಯಿಸುವುದೆಂದೂ ಮನುಷ್ಯನು ಬೆವರು ಸುರಿಸಿ ಉಣ್ಣಬೇಕೆಂದೂ ಹೇಳಿದೆಯಷ್ಟೆ. ಹಾಗಿರಲು ರೈತನು ಕಳೆ ಕೀಳುವುದೂ, ತನ್ನ ಬೆವರಿಗೆ ಬದಲಾಗಿ ಎತ್ತುಗಳನ್ನು ಹೂಡಿ ಉಳುವುದೂ ಪಾಪವಾಗಬೇಕಲ್ಲವೇ? ಗಂಡಸಿಗೆ ಹೇಳಿದ್ದನ್ನು ಸಡಿಲಿಸಿಕೊಂಡು ಹೆಂಗಸಿಗೆ ಹೇಳಿದ್ದನ್ನು ಮಾತ್ರ ಬಿಗಿಹಿಡಿಯುವುದು ನ್ಯಾಯವಲ್ಲವೆಂದು ಅವನ ವಾದದ ತಾತ್ಪರ್ಯವು. ಇದಲ್ಲದೆ, ದೇವರು ಆದಾಮನ ಪಕ್ಕೆಯ ಎಲುಬನ್ನು ತೆಗೆಯುವುದಕ್ಕೆ ಮುಂಚೆ ಅವನಿಗೆ ಗಾಢನಿದ್ರೆಯನ್ನು ಬರಮಾಡಿದ ಸಂಗತಿಯನ್ನೂ ಅವನು ನೆನಪಿಗೆ ತಂದನು.

ಆದರೆ ಸಭಾಪಾಲಕರೆಲ್ಲರೂ ಅವನಿಗೆ ವಿರೋಧವಾಗಿದ್ದರೆಂದು ವಾಚಕರು ತಿಳಿಯಬಾರದು. ಆ ಕಾಲದ ಕಾಗದಪತ್ರಗಳನ್ನು ಶೋಧಿಸಿದ ಚರಿತ್ರಕಾರರು, ಧರ್ಮದ ಹೆಸರಿನ ಆಕ್ಷೇಪಣೆಯು ಜನರು ಹೇಳುವಷ್ಟು ದೊಡ್ಡದಾಗಿರಲಿಲ್ಲವೆಂದು ಕಂಡಿದ್ದಾರೆ. ಹೆಚ್ಚಿನ ವಿರೋಧವು ಬಂದದ್ದು ವೈದ್ಯರಿಂದಲೇ. ತಾಯಿಗೂ ಮಗುವಿಗೂ ಅಪಾಯವಾದೀತೆಂಬುದು ಅವರ ಚಿಂತೆ. ಅದು ಸುಮ್ಮನೆ ಹುಟ್ಟಿದ ಚಿಂತೆಯಲ್ಲ. 1848ನೆಯ ಇಸವಿ ಜನವರಿ 28ರಂದು ಇಂಗ್ಲೆಂಡಿನಲ್ಲಿ ಹ್ಯಾನ ಗ್ರೀನರ್ ಎಂಬ 15 ವರುಷದ ಹುಡುಗಿಯು, ಕಾಲ್ಬೆರಳಿನ ಉಗುರನ್ನು ತೆಗೆಯುವುದಕ್ಕಾಗಿ ಕೊಟ್ಟ ಕ್ಲೋರೋಫಾರ್ಮಿನಿಂದ ಕೆಲವು ನಿಮಿಷಗಳಲ್ಲಿಯೇ ಸತ್ತಳು. ಔಷಧದ ಪ್ರಮಾಣವನ್ನು ಬಲು ಎಚ್ಚರದಿಂದ ಅಳೆಯಬೇಕೆಂದು ಕಲಿಸಿದವನು ಲಂಡನಿನ ಜಾನ್ ಸ್ನೋ ಎಂಬ ವೈದ್ಯನು. 1853ನೆಯ ಇಸವಿ ಏಪ್ರಿಲ್ 7ರಂದು ವಿಕ್ಟೋರಿಯಾ ರಾಣಿಯು ಲಿಯೋಪೋಲ್ಡ್ ರಾಜಕುಮಾರನನ್ನು ಹೆರುವಾಗ ಈತನು ಕರವಸ್ತ್ರದಲ್ಲಿ ಸ್ವಲ್ಪ ಸ್ವಲ್ಪವಾಗಿ 53 ನಿಮಿಷಗಳ ಕಾಲ ಕ್ಲೋರೋಫಾರ್ಮನ್ನು ಕೊಟ್ಟನು. 1857ರಲ್ಲಿ ರಾಣಿಯು ಪುನಃ ಅದನ್ನೇ ಬೇಡಿದಳು. ರಾಣಿಯೇ ಸ್ವೀಕರಿಸಿದ ಮೇಲೆ ಜನರ ಸಂದೇಹವು ಬಹಳವಾಗಿ ತಗ್ಗಿತು.

ಸಿಂಪ್ಸನನು ತಪ್ಪಿಲ್ಲದವನಾಗಿರಲಿಲ್ಲ. ಮಾತಿನ ಜಗಳಕ್ಕೆ ಬೇಗನೆ ಇಳಿಯುತ್ತಿದ್ದನು. ವಾಲ್ಡಿಗೆ ಸಲ್ಲತಕ್ಕ ಮಾನವನ್ನು ಪೂರ್ತಿಯಾಗಿ ಸಲ್ಲಿಸಲಿಲ್ಲವೆಂದು ಅನೇಕರ ಅಭಿಪ್ರಾಯವು. ಗಾಯವು ಕೊಳೆಯದಂತೆ ಲಿಸ್ಟರನು ಕಂಡುಹಿಡಿದ ಉತ್ತಮ ಕ್ರಮವನ್ನು ಅವನು ಎದುರಿಸಿದನು. ಅದರಲ್ಲಿ ಲಿಸ್ಟರನ ಪಕ್ಷವೇ ಸರಿಯೆಂದು ಕಾಲವು ತೋರಿಸಿತು. ಮನೆಯಲ್ಲಿ ದುಃಖವೂ ಬಹಳವಾಗಿತ್ತು. ಒಂಬತ್ತು ಮಂದಿ ಮಕ್ಕಳಲ್ಲಿ ಐವರನ್ನು ಅವನೇ ಮಣ್ಣಿಗೆ ಕೊಡಬೇಕಾಯಿತು. 1866ರಲ್ಲಿ ರಾಣಿಯು ಅವನಿಗೆ ಬ್ಯಾರೊನೆಟ್ ಎಂಬ ಬಿರುದನ್ನು ಕೊಟ್ಟಳು. ಅದೇ ವರ್ಷದಲ್ಲಿ ಹಿರಿಯ ಮಗನೂ ಒಬ್ಬ ಮಗಳೂ ತೀರಿಕೊಂಡರು. ತಾಯಂದಿರ ನೋವಿಗೆ ಔಷಧವನ್ನು ಕಂಡವನಿಗೆ ತನ್ನ ಎದೆಯ ನೋವಿಗೆ ಔಷಧವು ವೈದ್ಯಶಾಸ್ತ್ರದಲ್ಲಿ ಸಿಕ್ಕಲಿಲ್ಲ. ಅದನ್ನು ಅವನು ಪ್ರಾರ್ಥನೆಯಲ್ಲಿ ಹುಡುಕಿದನು. 1870ನೆಯ ಇಸವಿ ಮೇ 6ರಂದು ಮರಣಹೊಂದಿದನು. ಲಂಡನಿನ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಅರಸರ ಬಳಿಯಲ್ಲಿ ಸಮಾಧಿಯನ್ನು ಕೊಡುವೆವೆಂದರೂ ಮನೆಯವರು ಒಪ್ಪದೆ, ಎಡಿನ್‌ಬರೋದ ವಾರಿಸ್ಟನ್ ಸ್ಮಶಾನದಲ್ಲಿ ಅವನನ್ನು ಹೂಣಿಟ್ಟರು. ಅವನು ರೂಪಿಸಿದ ಚಿಮಟವು ಇಂದಿಗೂ ಹೆರಿಗೆಯ ಕೋಣೆಗಳಲ್ಲಿ ಅವನ ಹೆಸರಿನಿಂದಲೇ ಬಳಕೆಯಲ್ಲಿದೆ.

ಅವನ ಕ್ಲೋರೋಫಾರ್ಮಾದರೋ ಈಗ ಬಳಕೆಯಲ್ಲಿಲ್ಲ. ಅದು ಹೃದಯಕ್ಕೂ ಪಿತ್ತಜನಕಾಂಗಕ್ಕೂ ಹಾನಿಮಾಡುವುದೆಂದು ಕಂಡುಬಂದುದರಿಂದ ವೈದ್ಯರು ಅದನ್ನು ಬಿಟ್ಟುಬಿಟ್ಟರು. ಅದರ ಸ್ಥಾನಕ್ಕೆ ಬೇರೆ ಕ್ರಮಗಳು ಬಂದವು. 1921ರಲ್ಲಿ ಸ್ಪೇನ್ ದೇಶದ ಫಿಡೆಲ್ ಪಾಹೆಸ್ ಎಂಬ ಸೇನಾವೈದ್ಯನು ಎಪಿಡ್ಯೂರಲ್ ಎಂಬ ಕ್ರಮವನ್ನು ಪ್ರಕಟಿಸಿದನು; ಮುಂದೆ ಅದು ಹೆರಿಗೆಗೂ ಒದಗಿತು. ಇದರಲ್ಲಿ ತಾಯಿಯನ್ನು ಮೈಮರೆಸುವುದಿಲ್ಲ. ಸೊಂಟದ ಬಳಿ ಬೆನ್ನೆಲುಬಿನ ಸಂದಿನಲ್ಲಿ, ನರಗಳನ್ನು ಸುತ್ತಿರುವ ಪೊರೆಯ ಹೊರಗಡೆ, ಕೂದಲಿನಂತೆ ಸಣ್ಣದಾದ ಒಂದು ಕೊಳವೆಯನ್ನಿಟ್ಟು ಅದರ ಮೂಲಕ ಔಷಧವನ್ನು ಬಿಡುತ್ತಾರೆ. ಕೆಳಗಿನ ಮೈಯ ನೋವು ತಗ್ಗುತ್ತದೆ; ತಾಯಿಯು ಎಚ್ಚರವಾಗಿದ್ದು ತನ್ನ ಮಗುವಿನ ಮೊದಲ ಅಳುವನ್ನು ಕೇಳುತ್ತಾಳೆ.

ಇದಕ್ಕೂ ಎಚ್ಚರಿಕೆ ಬೇಕು. ರಕ್ತದ ಒತ್ತಡವು ಇಳಿಯಬಹುದು. ಜ್ವರವೂ ತುರಿಕೆಯೂ ಬರಬಹುದು. ಸುಮಾರು ನೂರರಲ್ಲಿ ಒಬ್ಬಳಿಗೆ ಕೆಲವು ದಿವಸಗಳ ತೀವ್ರ ತಲೆನೋವು ಬರುವುದುಂಟು. ಮಗುವನ್ನು ಹೊರಕ್ಕೆ ನೂಕುವ ಹೊತ್ತು ಕೊಂಚ ದೀರ್ಘವಾಗಬಹುದು. ಆದರೆ ಇದರಿಂದ ಹೊಟ್ಟೆ ಕೊಯ್ಯಬೇಕಾಗುವ ಸಂಭವವು ಹೆಚ್ಚುವುದಿಲ್ಲವೆಂದೂ, ಬಹುಕಾಲದ ಬೆನ್ನುನೋವಿಗೆ ಇದು ಕಾರಣವಲ್ಲವೆಂದೂ ಅನೇಕ ಪರೀಕ್ಷೆಗಳಿಂದ ತಿಳಿದುಬಂದಿದೆ. ರಕ್ತವು ಹೆಪ್ಪುಗಟ್ಟದ ರೋಗವುಳ್ಳವರಿಗೂ ಬೆನ್ನಿನಲ್ಲಿ ಸೋಂಕುಳ್ಳವರಿಗೂ ಇದನ್ನು ಕೊಡತಕ್ಕದ್ದಲ್ಲ. ಅರಿವಳಿಕೆಯಲ್ಲಿ ನುರಿತ ವೈದ್ಯರು ಇರುವಲ್ಲಿ ಮಾತ್ರ ಇದನ್ನು ಮಾಡಬಹುದು.

ನಮ್ಮ ಮೈಸೂರು ನಗರದಲ್ಲಿ ವೆಸ್ಲಿಯನ್ ಮಿಷನಿನವರು ಮೇರಿ ಹೋಲ್ಡ್ಸ್‌ವರ್ತ್ ಎಂಬವರ ಜ್ಞಾಪಕಾರ್ಥವಾಗಿ 1906ರಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಆಸ್ಪತ್ರೆಯನ್ನು ತೆರೆದರು. ಜನರು ಅದನ್ನು ಮಿಷನ್ ಆಸ್ಪತ್ರೆಯೆಂದೇ ಕರೆದರು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಬಂದಿತು. ಅದಕ್ಕೆ ಸೇರಿದ ಚೆಲುವಾಂಬ ಆಸ್ಪತ್ರೆಗೆ ನಂಜನಗೂಡು, ಹುಣಸೂರು, ಹೆಗ್ಗಡದೇವನಕೋಟೆಗಳ ಕಡೆಯಿಂದಲೂ ಬಸುರಿಯರು ಬರುತ್ತಾರೆ. ನಿಮ್ಮ ಮನೆಯ ಹೆಣ್ಣುಮಗಳು ಹೆರಿಗೆಗೆ ನಗರಕ್ಕೆ ಹೋಗುವುದಾದರೆ, ಆ ಆಸ್ಪತ್ರೆಯಲ್ಲಿ ನೋವನ್ನು ತಗ್ಗಿಸುವ ಯಾವ ಕ್ರಮವುಂಟು, ವೆಚ್ಚವೆಷ್ಟು, ಅವಳ ದೇಹಸ್ಥಿತಿಗೆ ಅದು ತಕ್ಕದ್ದೋ ಎಂಬುದನ್ನು ದಿನ ತುಂಬುವುದಕ್ಕೆ ಮುಂಚೆಯೇ ಕೇಳಿ ತಿಳಿಯಿರಿ. ಎಪಿಡ್ಯೂರಲ್ ಸಿಕ್ಕದಿದ್ದರೆ ಮೂಸುವ ಅನಿಲ, ಚುಚ್ಚುಮದ್ದು, ನಡೆದಾಡುವುದು, ಸೊಂಟವನ್ನು ನೀವುವುದು, ನಂಬಿಕೆಯ ಹೆಂಗಸೊಬ್ಬಳು ಬಳಿಯಲ್ಲಿರುವುದು, ಇವೂ ಉಪಶಮನವನ್ನು ಕೊಡುತ್ತವೆ.

ಔಷಧವಿಲ್ಲದೆ ಹೆರುವೆನೆಂದು ಧೈರ್ಯಗೊಂಡವಳನ್ನು ಒತ್ತಾಯಪಡಿಸಬೇಡಿರಿ. ನೋವನ್ನು ತಾಳಲಾರೆನೆಂದು ಕೇಳಿಕೊಳ್ಳುವವಳನ್ನು ಹೇಡಿಯೆಂದೂ ಭಕ್ತಿಹೀನಳೆಂದೂ ಜರೆಯಬೇಡಿರಿ. ನಾವು ಹೆತ್ತಾಗ ಇದೆಲ್ಲವೂ ಇತ್ತೇ ಎಂದು ಅತ್ತೆಯಂದಿರು ಸೊಸೆಯಂದಿರನ್ನು ಕೇಳುವುದುಂಟು. ಇರಲಿಲ್ಲವೆಂಬುದು ನಿಜ. ಅವರು ಪಟ್ಟ ಪಾಡನ್ನು ಮಗಳೂ ಸೊಸೆಯೂ ಪಡಬಾರದೆಂಬುದಕ್ಕಾಗಿಯೇ ಬಾತ್‌ಗೇಟಿನ ರೊಟ್ಟಿಯವನ ಮಗನು ತನ್ನ ಮನೆಯ ಮೇಜಿನ ಮುಂದೆ ಕುಳಿತು, ನಾನಾ ದ್ರವಗಳನ್ನು ತಾನೇ ಮೂಸಿ ನೋಡಿದನು.