ಇಂದಿನ ಚಿಂತನೆ: ಸಾಮ್ರಾಟ ಅಶೋಕ ಕೊಟ್ಟ ಮೂರು ದಿನ




ಇಂದು ಬರೆಯುವ ಸರದಿ ನನ್ನದು. ಸಾಮ್ರಾಟ ಅಶೋಕನ ಬಗ್ಗೆ ಬರೆಯುತ್ತಿದ್ದೇನೆ. ಅದಕ್ಕೊಂದು ಕಾರಣವಿದೆ.

ಹಿಂದೊಮ್ಮೆ ನನ್ನ ತಮ್ಮ ಮಾಡದ ತಪ್ಪಿಗೆ ಹದಿನಾಲ್ಕು ತಿಂಗಳು ಜೈಲಿನಲ್ಲಿದ್ದ. ಜಾಮೀನು ಸಿಕ್ಕರೂ ಶ್ಯೂರಿಟಿ ಕೊಡಲು ನಮ್ಮ ಹೆಸರಿನಲ್ಲಿ ಒಂದು ಗುಂಟೆ ಜಮೀನೂ ಇರಲಿಲ್ಲ. ಕೊನೆಗೆ ಅವನು ನಿರ್ದೋಷಿ ಎಂದು ತೀರ್ಪಾಯಿತು. ಸುಳ್ಳು ದೂರು ಕೊಟ್ಟವನೂ ಅಷ್ಟೇ ತಿಂಗಳು ಒಳಗೆ ಕೊಳೆಯಲಿ, ಅದೇ ನ್ಯಾಯ ಎಂದುಕೊಂಡಿದ್ದೆ. ಅಶೋಕನ ಶಾಸನಗಳನ್ನು ಓದಿದ ಮೇಲೆ ಆ ಲೆಕ್ಕ ಅಲುಗಾಡಿತು.

ಅಶೋಕ ಚಂದ್ರಗುಪ್ತ ಮೌರ್ಯನ ಮೊಮ್ಮಗ, ಬಿಂದುಸಾರನ ಮಗ. ಕ್ರಿ.ಪೂ. 268ರ ಸುಮಾರಿಗೆ ಪಟ್ಟಕ್ಕೆ ಬಂದ. ಎಂಟು ವರ್ಷಗಳ ನಂತರ ಕಳಿಂಗವನ್ನು ಗೆದ್ದ. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಲಾಯಿತು. ಈ ಲೆಕ್ಕವನ್ನು ಶತ್ರುಗಳು ಬರೆದದ್ದಲ್ಲ, ಅವನೇ ಕಲ್ಲಿನಲ್ಲಿ ಕೆತ್ತಿಸಿದ. ತನ್ನ ಗೆಲುವನ್ನೇ ತನ್ನ ತಪ್ಪೆಂದು ಒಪ್ಪಿಕೊಂಡ ದೊರೆ ಅವನು.

ಪಶ್ಚಾತ್ತಾಪ ಅಲ್ಲಿಗೇ ನಿಲ್ಲಲಿಲ್ಲ. ಕಳಿಂಗದ ನ್ಯಾಯಾಧಿಕಾರಿಗಳಿಗೆ ಬೇರೆಯೇ ಶಾಸನ ಹೊರಡಿಸಿದ. ಪ್ರಜೆಗಳೆಲ್ಲ ತನ್ನ ಮಕ್ಕಳು, ಅವರಲ್ಲಿ ಯಾರೂ ಕಾರಣವಿಲ್ಲದೆ ಸೆರೆಮನೆ ಸೇರಬಾರದು, ಹಿಂಸೆಗೆ ಒಳಗಾಗಬಾರದು ಎಂಬುದು ಅದರ ಸಾರ. ಅಧಿಕಾರಿಯ ಅಸೂಯೆ, ಸಿಟ್ಟು, ಕ್ರೌರ್ಯ, ಆತುರ, ಆಲಸ್ಯ, ದಣಿವು ಇವೇ ನ್ಯಾಯವನ್ನು ಕೆಡಿಸುತ್ತವೆ ಎಂದು ಗುರುತಿಸಿದ. ಅವರ ಕೆಲಸ ನೋಡಿ ಬರಲು ಐದು ವರ್ಷಕ್ಕೊಮ್ಮೆ ಮೃದು ಸ್ವಭಾವದ ಅಧಿಕಾರಿಯನ್ನು ಕಳಿಸುವ ಏರ್ಪಾಡು ಮಾಡಿದ.

ಈ ಕಳಿಂಗ ಶಾಸನದ ಪಾಠ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಇದೆ. 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಚಾವಣಿ ಕುಸಿದಾಗ ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅದು ಕಂಡಿತು. ಆ ಕಲ್ಲಿನ ಮುಂದೆ ನಿಂತಾಗ ನನಗೆ ತಮ್ಮನ ನೆನಪಾಯಿತು. 2022ರ ಕೊನೆಯಲ್ಲೂ ನಮ್ಮ ದೇಶದ ಜೈಲುಗಳಲ್ಲಿದ್ದ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನ ಕೈದಿಗಳೇ.

ಪಟ್ಟಕ್ಕೆ ಬಂದು 26 ವರ್ಷವಾದಾಗ ಅಶೋಕ ಇನ್ನೊಂದು ಆಜ್ಞೆ ಹೊರಡಿಸಿದ. ವಿಚಾರಣೆಯೂ ಶಿಕ್ಷೆಯೂ ಎಲ್ಲರಿಗೂ ಒಂದೇ ಸಮನಾಗಿರಬೇಕು. ಮರಣದಂಡನೆ ಆದವನಿಗೆ ಮೂರು ದಿನ ಬಿಡುವು ಕೊಡಬೇಕು. ಅಷ್ಟರಲ್ಲಿ ಬಂಧುಗಳು ಅವನ ಜೀವ ಉಳಿಸಲು ಮೊರೆಯಿಡಬಹುದು. ಅಪರಾಧಕ್ಕೂ ಶಿಕ್ಷೆಗೂ ಜಾತಿ ನೋಡಿ ತಕ್ಕಡಿ ಹಿಡಿದ ಮನುಸ್ಮೃತಿಯ ಪಕ್ಕದಲ್ಲಿ ಈ ಆಜ್ಞೆಯನ್ನು ಇಟ್ಟು ನೋಡಿ. ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಆ ಗ್ರಂಥವನ್ನು ಸುಟ್ಟದ್ದು ಯಾಕೆಂದು ತಿಳಿಯುತ್ತದೆ.

ಆದರೂ ಒಂದು ಮಾತು ಹೇಳಲೇಬೇಕು. ಆ 26 ವರ್ಷಗಳಲ್ಲಿ 25 ಸಲ ಕೈದಿಗಳನ್ನು ಬಿಡುಗಡೆ ಮಾಡಿದ ಅಶೋಕ ಮರಣದಂಡನೆಯನ್ನು ತೆಗೆದುಹಾಕಲಿಲ್ಲ. ಮೂರು ದಿನದವರೆಗೆ ಬಂದು ನಿಂತ. ಅಲ್ಲಿಂದ ಮುಂದಿನ ಹೆಜ್ಜೆಯ ಮಾತನ್ನು ಬಾಬಾಸಾಹೇಬರು ಆಡಿದರು. 1949ರ ಜೂನ್‌ನಲ್ಲಿ ಸಂವಿಧಾನ ಸಭೆಯಲ್ಲಿ, ಅಹಿಂಸೆಯನ್ನು ನಂಬುವ ಈ ದೇಶ ಮರಣದಂಡನೆಯನ್ನೇ ರದ್ದು ಮಾಡುವುದು ಸರಿ ಎಂಬ ಅಭಿಪ್ರಾಯ ಕೊಟ್ಟರು. ಕಾನೂನಿನ ಮುಂದೆ ಎಲ್ಲರೂ ಸಮಾನರೆಂಬುದು ಸಂವಿಧಾನದ 14ನೇ ವಿಧಿಯಾಯಿತು.

ನೊಂದವರು ನಾವು. ಶಿಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ದೌರ್ಜನ್ಯ ಮಾಡಿದವನು ಕಾನೂನಿಗೆ ಉತ್ತರ ಕೊಡಲೇಬೇಕು. ಆದರೆ ನನ್ನ ಸಿಟ್ಟು ನ್ಯಾಯಾಧೀಶನ ಕುರ್ಚಿಯಲ್ಲಿ ಕೂರಬಾರದು. ದೂರು ಕೊಟ್ಟವನನ್ನು ನಾನಿನ್ನೂ ಪೂರ್ತಿ ಕ್ಷಮಿಸಿಲ್ಲ. ಅವನು ಜೈಲಿನಲ್ಲಿ ಕೊಳೆಯಲಿ ಎಂದು ಬಯಸುವುದನ್ನು ಮಾತ್ರ ಬಿಟ್ಟಿದ್ದೇನೆ.

ಇಂದಿನ ಅಭ್ಯಾಸ: ಯಾರ ಮೇಲಾದರೂ ಮನಸ್ಸಿನಲ್ಲೇ ತೀರ್ಪು ಕೊಟ್ಟಿದ್ದರೆ, ಅವರಿಗೆ ಮೂರು ದಿನ ಕೊಡೋಣ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್. 🙏