ಅರಸು ಸೀಮೆ, ಹೊಗೆಸೊಪ್ಪು ಮತ್ತು ರಕ್ತಪರೀಕ್ಷೆ

ದೇವರಾಜ ಅರಸು ಅವರನ್ನು ಸ್ಮರಿಸುವವರು ಸಾಮಾನ್ಯವಾಗಿ ಭೂಸುಧಾರಣೆ ಮತ್ತು ಹಾವನೂರು ಆಯೋಗದ ಬಳಿಯೇ ನಿಂತುಬಿಡುತ್ತಾರೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಆರಂಭವಾದದ್ದು 1973ರಲ್ಲಿ, ಅವರ ಆಡಳಿತಾವಧಿಯಲ್ಲೇ ಎಂಬುದು ಅಷ್ಟಾಗಿ ಯಾರ ನೆನಪಿಗೂ ಬರುವುದಿಲ್ಲ. ಅವರ ಹುಟ್ಟೂರಿನ ಸೀಮೆಯನ್ನು ಬಲ್ಲ ನನಗೆ ಈ ಮರೆವು ವಿಚಿತ್ರವೆನಿಸುತ್ತದೆ.

1915ರ ಆಗಸ್ಟ್ 20ರಂದು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ ಜನಿಸಿದ ಅರಸು, ಬೆಂಗಳೂರಿನಲ್ಲಿ ವಿಜ್ಞಾನ ಪದವಿ ಪಡೆದು ಊರಿಗೆ ಮರಳಿ ಬೇಸಾಯಕ್ಕಿಳಿದರು. 1941ರಲ್ಲಿ ಪ್ರಜಾಪ್ರತಿನಿಧಿ ಸಭೆ, ಬಳಿಕ ಸೆರೆವಾಸ, 1952ರಲ್ಲಿ ಹುಣಸೂರಿನಿಂದ ಶಾಸನಸಭೆ, 1972ರಲ್ಲಿ ಮುಖ್ಯಮಂತ್ರಿ ಪದವಿ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಜೀವಾಳ, ನನ್ನ ಮಟ್ಟಿಗೆ, ತಾಲ್ಲೂಕು ನ್ಯಾಯಮಂಡಳಿ. ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ; ಗೇಣಿದಾರ ತನ್ನ ಮಾತನ್ನು ತಾನೇ, ತನ್ನ ತಾಲ್ಲೂಕಿನಲ್ಲೇ ಹೇಳಿಕೊಳ್ಳಬಹುದಿತ್ತು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹೊಲಗಳಲ್ಲಿ ಇಂದು ವರ್ಜೀನಿಯಾ ಹೊಗೆಸೊಪ್ಪು ನಿಂತಿದೆ. ಅದು ಬ್ಯಾರನ್‌ನಲ್ಲಿ ಬೆಂದು ಸಿಗರೇಟಿಗೆ ಸೇರುತ್ತದೆ. ಜಗಿಯುವ ತಂಬಾಕು ಬೇರೆಯದೇ ಬಗೆ. ಬಾಯಿಯ ಕ್ಯಾನ್ಸರಿಗೆ ಎರಡೂ ಕಾರಣ, ಅಡಕೆಯೂ ಕಾರಣ. (ಅರಸು ಅವರೂ ಪೈಪ್ ಪ್ರಿಯರೇ.)

ಈ ರೋಗದ ಗತಿಯನ್ನು ರಕ್ತದಿಂದಲೇ ಊಹಿಸುವ ಯತ್ನಗಳು ಹಲವು ದೇಶಗಳಲ್ಲಿ ನಡೆದಿವೆ. ಗಡ್ಡೆಯಿಂದ ರಕ್ತಕ್ಕೆ ಸೇರುವ ಡಿಎನ್‌ಎ ಹುಡುಕುವುದು ದುಬಾರಿ. ಆದರೆ ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಮತ್ತು ಲಿಂಫೋಸೈಟ್‌ಗಳ ಅನುಪಾತ ಸಾಮಾನ್ಯ ರಕ್ತಪರೀಕ್ಷೆಯಲ್ಲೇ ದೊರಕುತ್ತದೆ. ಚಿಕಿತ್ಸೆಗೆ ಮುನ್ನ ಅದು ಹೆಚ್ಚಿದ್ದವರಲ್ಲಿ, ಆಲ್ಬುಮಿನ್ ಕಡಿಮೆಯಿದ್ದವರಲ್ಲಿ, ಬದುಕುಳಿಯುವ ಅವಧಿ ಕುಗ್ಗಿರುವುದನ್ನು ಅನೇಕ ಅಧ್ಯಯನಗಳು ತೋರಿಸಿವೆ. ಬಾಯಿಯ ಸೋಂಕಿನಿಂದಲೂ ಆ ಅನುಪಾತ ಏರುತ್ತದೆ; ಸರ್ವಸಮ್ಮತವಾದ ಮಿತಿ ಇನ್ನೂ ನಿರ್ಧಾರವಾಗಿಲ್ಲ. ಬಯಾಪ್ಸಿಗೆ, ರೋಗದ ಹಂತ ಅಳೆಯುವ ಕ್ರಮಕ್ಕೆ ಇದು ಬದಲಿಯಲ್ಲ, ಪೂರಕವಷ್ಟೆ.

ಆದರೂ ತಾಲ್ಲೂಕು ಆಸ್ಪತ್ರೆಯಲ್ಲೇ ಮಾಡಬಹುದಾದ ಪರೀಕ್ಷೆಯೆಂಬುದು ಸಣ್ಣ ಮಾತಲ್ಲ. ಶಸ್ತ್ರಚಿಕಿತ್ಸೆಯ ಬಳಿಕ ಯಾರ ಮೇಲೆ ಹೆಚ್ಚು ನಿಗಾ ಬೇಕೆಂದು ತಿಳಿದರೆ, ಪ್ರತಿ ತಪಾಸಣೆಗೂ ಬೆಂಗಳೂರಿನ ಬಸ್ಸು ಹತ್ತುವ ಕೂಲಿಕಾರನ ಅಲೆದಾಟ ತಗ್ಗೀತು. ಆದರೆ ಇದಕ್ಕೆಲ್ಲ ಮೊದಲು ಅವನ ಬಾಯನ್ನು ಯಾರಾದರೂ ತೆರೆಸಿ ನೋಡಿರಬೇಕು. ಎರಡು ವಾರಕ್ಕೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ: ಇವನ್ನು ಗುರುತಿಸಲು ಟಾರ್ಚು ಮತ್ತು ತರಬೇತಾದ ಕಣ್ಣು ಸಾಕು. ಅರಸು 1982ರಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ಜಯಂತಿ ಆಚರಿಸುವ ಸರ್ಕಾರ, ಆ ದಿನ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಬಾಯಿ ತಪಾಸಣೆ ನಡೆಸಲಿ.