ಮೂಕಪ್ರಾಣಿಗಳ ಬಂಧು ಹೆನ್ರಿ ಬರ್ಗ್

ಮೋಟಾರು ಬಂಡಿಗಳು ಬರುವುದಕ್ಕೆ ಮುಂಚೆ ದೊಡ್ಡ ನಗರಗಳ ಭಾರವನ್ನೆಲ್ಲ ಎಳೆಯುತ್ತಿದ್ದವು ಕುದುರೆಗಳು. ನಮ್ಮ ಮುಂಬಯಿಯಲ್ಲಿಯೂ 1874ರಲ್ಲಿ ಮೊದಲು ಓಡಿದ ಟ್ರಾಮುಗಳಿಗೆ ಕುದುರೆಗಳನ್ನೇ ಕಟ್ಟಿದ್ದರು. ವಿದ್ಯುತ್ತಿನ ಟ್ರಾಮು ಬಂದದ್ದು 1907ರಲ್ಲಿ. ಅಮೇರಿಕದ ನ್ಯೂಯಾರ್ಕ್ ನಗರದಲ್ಲಿ ಈ ಪದ್ಧತಿ ಇನ್ನೂ ಹಳೆಯದು. ಕಬ್ಬಿಣದ ಹಳಿಗಳ ಮೇಲೆ ಓಡುವ ಗಾಡಿಗೆ ಎರಡು ಕುದುರೆಗಳು. ಒಳಗೂ ಮೆಟ್ಟಿಲ ಮೇಲೂ ತುಂಬಿ ತುಳುಕುವ ಜನ. ಹಿಮ ಬಿದ್ದ ದಿನ ಕುದುರೆಗಳ ಕಾಲು ಜಾರುತ್ತಿತ್ತು, ಬೆನ್ನ ಮೇಲೆ ಚಾವಟಿ ಬೀಳುತ್ತಿತ್ತು. 1866ರ ತರುವಾಯ ಇಂಥ ಗಾಡಿಗಳ ಮುಂದೆ ಎತ್ತರದ ಬಡಕಲು ಮೈಯ ಗೃಹಸ್ಥನೊಬ್ಬನು ಕೈಯೆತ್ತಿ ನಿಲ್ಲುವುದನ್ನು ನ್ಯೂಯಾರ್ಕಿನ ಜನರು ಮೇಲಿಂದ ಮೇಲೆ ಕಂಡರು. ತಲೆಯ ಮೇಲೆ ಉದ್ದನೆಯ ರೇಷ್ಮೆಯ ಟೊಪ್ಪಿಗೆ, ಜೋಲುಬಿದ್ದ ಮೀಸೆ, ಕೈಯಲ್ಲಿ ಬೆತ್ತ. ಹೊರೆ ಮಿತಿಮೀರಿದೆಯೆಂದೂ ಜನರು ಕೆಳಗಿಳಿಯಬೇಕೆಂದೂ ಆತನು ಗಂಭೀರವಾಗಿ ತಿಳಿಸುವನು. ಜನರು ಬೈಯುವರು, ನಗುವರು, ಕೊನೆಗೆ ಇಳಿಯುವರು. ಆತನೇ ಹೆನ್ರಿ ಬರ್ಗ್.

ಬರ್ಗನು ಹುಟ್ಟಿದ್ದು ನ್ಯೂಯಾರ್ಕಿನಲ್ಲಿಯೇ, 1813ನೆಯ ಇಸವಿಯ ಆಗಸ್ಟ್ 29ರಂದು. ತಂದೆ ಕ್ರಿಶ್ಚಿಯನ್ ಬರ್ಗ್ ಹಡಗುಗಳನ್ನು ಕಟ್ಟಿಸುವ ಉದ್ಯೋಗದಲ್ಲಿ ಹೆಸರೂ ಹಣವೂ ಸಂಪಾದಿಸಿದವನು. ಮಗನು ಕೊಲಂಬಿಯ ಕಾಲೇಜಿಗೆ ಸೇರಿದನು; ಆದರೆ ಪದವಿಯನ್ನು ಪಡೆಯದೆ ಹೊರಬಿದ್ದನು. 1839ರಲ್ಲಿ ಮದುವೆಯಾಯಿತು. 1843ರಲ್ಲಿ ತಂದೆ ತೀರಿಕೊಂಡ ಮೇಲೆ ಹಡಗು ಕಟ್ಟುವ ಉದ್ಯೋಗವನ್ನು ಬಿಟ್ಟುಕೊಟ್ಟು, ಹೆಂಡತಿಯೊಡನೆ ಯೂರೋಪಿನ ದೇಶದೇಶಗಳನ್ನು ಸುತ್ತಿದನು. ನಾಟಕಗಳನ್ನು ಬರೆದನು, ಕವಿತೆಗಳನ್ನೂ ಬರೆದನು. ಅವು ಯಾರ ಮೆಚ್ಚುಗೆಯನ್ನೂ ಗಳಿಸಲಿಲ್ಲ. ಐವತ್ತು ವರ್ಷ ತುಂಬುವವರೆಗೆ ಆತನನ್ನು ಕಂಡವರು, ತಂದೆಯ ಗಳಿಕೆಯ ಮೇಲೆ ಸುಖವಾಗಿ ಕಾಲ ಕಳೆಯುವ ಶ್ರೀಮಂತನೆಂದೇ ಎಣಿಸಿರಬೇಕು. ಸ್ಪೇನ್ ದೇಶದ ಸೆವಿಲ್ ನಗರದಲ್ಲಿ ಗೂಳಿಕಾಳಗವನ್ನು ಕಂಡು ಆತನಿಗೆ ಹೇಸಿಕೆ ಹುಟ್ಟಿತ್ತು. ಆದರೆ ಹೇಸಿಕೆ ಹುಟ್ಟುವುದು ಬೇರೆ, ಕೆಲಸಕ್ಕೆ ಕೈಹಾಕುವುದು ಬೇರೆ.

1863ರಲ್ಲಿ ಅಧ್ಯಕ್ಷ ಲಿಂಕನ್ನನು ಬರ್ಗನನ್ನು ರಷ್ಯದ ರಾಜಧಾನಿಯಾಗಿದ್ದ ಸೇಂಟ್ ಪೀಟರ್ಸ್‌ಬರ್ಗ್ ನಗರಕ್ಕೆ ರಾಯಭಾರ ಕಚೇರಿಯ ಕಾರ್ಯದರ್ಶಿಯಾಗಿ ಕಳುಹಿಸಿದನು. ಅಲ್ಲಿ ಒಂದು ದಿನ ಸಾರೋಟಿನಲ್ಲಿ ಹೋಗುತ್ತಿದ್ದಾಗ ಗಾಡಿಯವನೊಬ್ಬನು ತನ್ನ ಕುದುರೆಯನ್ನು ನಿರ್ದಯವಾಗಿ ಬಡಿಯುತ್ತಿದ್ದುದು ಕಣ್ಣಿಗೆ ಬಿದ್ದಿತು. ಬರ್ಗನು ಸಾರೋಟನ್ನು ನಿಲ್ಲಿಸಿ, ಹೊಡೆತವನ್ನು ನಿಲ್ಲಿಸುವಂತೆ ಹೇಳಿಸಿದನು. ರಾಯಭಾರ ಕಚೇರಿಯ ಜರತಾರಿ ಉಡುಪನ್ನು ಕಂಡು ಆ ಬಡಪಾಯಿ ನಡುಗಿ ಚಾವಟಿಯನ್ನು ಕೆಳಗಿಳಿಸಿದನು. ಬರ್ಗನಿಗೆ ಆಶ್ಚರ್ಯವಾಯಿತು. ಅಂದಿನಿಂದ ಬೀದಿಯಲ್ಲಿ ಇಂಥ ದೃಶ್ಯ ಕಂಡಾಗಲೆಲ್ಲ ಅಡ್ಡ ಹೋಗುವುದನ್ನು ಅಭ್ಯಾಸ ಮಾಡಿಕೊಂಡನು. ಆದರೆ ಜರತಾರಿಯ ಭಯದಿಂದ ಒಬ್ಬನು ಕೈ ತಡೆದರೆ ಆತನ ಬೆನ್ನ ಹಿಂದೆ ಏನಾದೀತು? ತನ್ನ ನಾಡಿನಲ್ಲಿ ಜರತಾರಿಯೂ ಇಲ್ಲ. ಅಲ್ಲಿ ಬೇಕಾದದ್ದು ಕಾನೂನು, ಮತ್ತು ಅದನ್ನು ಒಪ್ಪುವ ಜನ.

ರಷ್ಯದ ಚಳಿಯನ್ನು ತಡೆಯಲಾರದೆ ದಂಪತಿಗಳು 1864ರಲ್ಲಿ ಅಲ್ಲಿಂದ ಹೊರಟರು. ದಾರಿಯಲ್ಲಿ ಬರ್ಗನು ಲಂಡನ್ನಿನಲ್ಲಿ ತಂಗಿ, 1824ರಲ್ಲಿಯೇ ಸ್ಥಾಪಿತವಾಗಿದ್ದ ಅಲ್ಲಿಯ ಪ್ರಾಣಿಹಿಂಸಾ ನಿವಾರಣ ಸಂಘದ ಅಧ್ಯಕ್ಷರನ್ನು ಕಂಡನು. ಸಂಘವನ್ನು ನಡೆಸುವ ಬಗೆ, ಮೊಕದ್ದಮೆ ಹೂಡುವ ಬಗೆ, ಜನರಿಗೆ ತಿಳಿಯ ಹೇಳುವ ಬಗೆ, ಇವುಗಳನ್ನೆಲ್ಲ ವಿದ್ಯಾರ್ಥಿಯಂತೆ ಕೇಳಿ ತಿಳಿದುಕೊಂಡನು. ಐವತ್ತು ದಾಟಿದ ಮೇಲೆ ಉಮೇದುವಾರನಾಗಿ ಕಲಿಯಲು ನಾಚಿಕೆಪಡದಿದ್ದುದು ಆತನ ದೊಡ್ಡ ಗುಣವೆಂದು ನನ್ನ ಎಣಿಕೆ.

ಸ್ವದೇಶಕ್ಕೆ ಬಂದ ಮೇಲೆ 1866ರ ಫೆಬ್ರವರಿ 8ರ ರಾತ್ರಿ ನ್ಯೂಯಾರ್ಕಿನ ಕ್ಲಿಂಟನ್ ಹಾಲಿನಲ್ಲಿ ಬರ್ಗನು ಉಪನ್ಯಾಸ ಮಾಡಿದನು. ಹೊರಗೆ ಕೆಟ್ಟ ಹವೆ. ಆದರೂ ನಗರದ ಪ್ರಮುಖರು ಬಂದು ಕೇಳಿದರು. ಪ್ರಾಣಿಗಳ ಹಕ್ಕುಗಳನ್ನು ಸಾರುವ ಒಂದು ಲೇಖವನ್ನು ಸಿದ್ಧಪಡಿಸಿ, ಮನೆಮನೆಗೂ ಕಚೇರಿಕಚೇರಿಗೂ ನಡೆದು ದೊಡ್ಡ ಮನುಷ್ಯರ ರುಜುಗಳನ್ನು ಕೂಡಿಸಿದನು. ಏಪ್ರಿಲ್ 10ರಂದು ಸರಕಾರವು ಅಮೇರಿಕದ ಪ್ರಾಣಿಹಿಂಸಾ ನಿವಾರಣ ಸಂಘಕ್ಕೆ ಸನ್ನದು ಕೊಟ್ಟಿತು. ಅದಾದ ಒಂಬತ್ತು ದಿನಗಳಿಗೆ ಕಾನೂನೂ ಆಯಿತು. ಈ ಕಾನೂನಿನ ತಿರುಳನ್ನು ಗಮನಿಸಬೇಕು. ಕುದುರೆ ಎತ್ತು ಮೊದಲಾದ ದನಗಳನ್ನು ಕ್ರೂರವಾಗಿ ಹೊಡೆಯುವುದು ಅಪರಾಧ. ಆ ಪ್ರಾಣಿ ಪರರದಾಗಿರಲಿ, ತನ್ನದೇ ಆಗಿರಲಿ, ಅಪರಾಧವೇ. ತನ್ನ ಸ್ವತ್ತನ್ನು ತಾನು ಏನು ಬೇಕಾದರೂ ಮಾಡಿಯೇನೆಂಬ ಭಾವನೆಗೆ ಇದು ಕೊಡಲಿಯೇಟು. ಸಂಘದ ಮೊದಲ ಅಧ್ಯಕ್ಷನಾಗಿ ಬರ್ಗನನ್ನೇ ಆರಿಸಿದರು. ಬ್ರಾಡ್‌ವೇ ರಸ್ತೆಯ ಒಂದು ಸಣ್ಣ ಕೋಣೆಯೇ ಕಚೇರಿ. ಆತನು ಸಾಯುವವರೆಗೂ ಸಂಬಳವೆಂದು ಒಂದು ಕಾಸನ್ನೂ ಮುಟ್ಟಲಿಲ್ಲ.

ಕಾನೂನು ಬಂದ ಹೊಸದರಲ್ಲಿಯೇ ಬರ್ಗನು ಬೀದಿಗಿಳಿದನು. ಕುದುರೆಯನ್ನು ಹೊಡೆಯುತ್ತಿದ್ದ ಗಾಡಿಯವನೊಬ್ಬನ ಬಳಿಗೆ ಹೋಗಿ, ಇನ್ನು ಮುಂದೆ ಹಾಗೆ ಹೊಡೆಯಕೂಡದೆಂದು ವಿನಯದಿಂದಲೇ ತಿಳಿಸಿದನು. ತನ್ನ ಕುದುರೆಯನ್ನು ತಾನು ಹೊಡೆಯಬಾರದೆಂಬ ಮಾತು ಕೇಳಿ ಆತನಿಗೆ ನಗು ಬಂದಿತು. ಇವನಿಗೆ ಹುಚ್ಚು ಹಿಡಿದಿದೆಯೆಂದು ಬೈದು ಗಾಡಿ ಹೊಡೆದುಕೊಂಡು ಹೋದನು. ಬರ್ಗನು ಸಿಟ್ಟಾಗಲಿಲ್ಲ. ಕಾನೂನಾಗಿದೆಯೆಂಬುದು ಜನರಿಗೆ ಮುಟ್ಟುವವರೆಗೆ ಅದು ಬರಿಯ ಕಾಗದವೆಂದು ಆತನಿಗೆ ತಿಳಿದಿತ್ತು. ಕೆಲವೇ ದಿನಗಳಲ್ಲಿ, ಕರುಗಳ ಕಾಲು ಕಟ್ಟಿ ಗಾಡಿಯಲ್ಲಿ ಹೇರಿಕೊಂಡು ಹೋಗುತ್ತಿದ್ದ ಕಟುಕನೊಬ್ಬನಿಗೆ ಹತ್ತು ಡಾಲರು ದಂಡವಾಯಿತು. ಸಂಘಕ್ಕೆ ದೊರೆತ ಮೊದಲ ಗೆಲುವು ಅದು.

ಆದರೆ ಬರ್ಗನ ಹೆಸರನ್ನು ಊರಿಗೆಲ್ಲ ಹರಡಿದ್ದು ಗೆಲುವಲ್ಲ, ಸೋಲು. ಅದೇ ವರ್ಷದ ಮೇ ತಿಂಗಳಲ್ಲಿ ಫ್ಲಾರಿಡದಿಂದ ಕಡಲಾಮೆಗಳನ್ನು ತುಂಬಿಕೊಂಡು ಒಂದು ಹಡಗು ಬಂದಿತು. ಅವುಗಳ ಈಜುಕಾಲುಗಳಿಗೆ ತೂತು ಕೊರೆದು ಹಗ್ಗ ಪೋಣಿಸಿ, ಬೆನ್ನ ಮೇಲೆ ಕೆಡವಿದ್ದರು. ದಾರಿಯುದ್ದಕ್ಕೂ ಅವು ಆ ಸ್ಥಿತಿಯಲ್ಲಿಯೇ ಬಿದ್ದಿದ್ದವು. ಬರ್ಗನು ಹಡಗಿನ ಕಪ್ತಾನನನ್ನೂ ನಾವಿಕರನ್ನೂ ನ್ಯಾಯಾಲಯಕ್ಕೆ ಎಳೆತಂದನು. ಪ್ರಶ್ನೆ ಎದ್ದಿತು: ಆಮೆ ಕಾನೂನಿನ ಅರ್ಥದಲ್ಲಿ ಪ್ರಾಣಿಯೇ? ಅಲ್ಲವೆಂದು ನ್ಯಾಯಾಧೀಶನು ಆರೋಪಿಗಳನ್ನು ಬಿಟ್ಟುಬಿಟ್ಟನು. ಪತ್ರಿಕೆಗಳಿಗೆ ಹಬ್ಬವಾಯಿತು. ಹೆರಾಲ್ಡ್ ಪತ್ರಿಕೆಯಂತೂ, ನಾಡಿನ ಪಶುಗಳೆಲ್ಲ ನ್ಯೂಯಾರ್ಕಿನಲ್ಲಿ ಸಭೆ ಸೇರಿ ಬರ್ಗನನ್ನು ಅಧ್ಯಕ್ಷಪೀಠದಲ್ಲಿ ಕೂರಿಸಿಕೊಂಡ ಹಾಗೆ ಉದ್ದನೆಯ ಪರಿಹಾಸ್ಯವೊಂದನ್ನು ಪ್ರಕಟಿಸಿತು. ಬೇರೆಯವನಾಗಿದ್ದರೆ ಮನೆಯ ಬಾಗಿಲು ಹಾಕಿಕೊಂಡು ಕುಳಿತಿರುತ್ತಿದ್ದನು. ಬರ್ಗನು ಕಂಡುಕೊಂಡದ್ದು ಬೇರೆ. ಆ ವರೆಗೆ ಸಂಘವೊಂದಿದೆಯೆಂದೇ ಅರಿಯದ ಸಾವಿರಾರು ಜನರು ಆಮೆಯ ನೆವದಿಂದ ಅದರ ಮಾತನ್ನಾಡತೊಡಗಿದ್ದರು. ನಕ್ಕವರಲ್ಲಿ ಕೆಲವರಾದರೂ, ಆಮೆಗೆ ನೋವಾಗುವುದೋ ಇಲ್ಲವೋ ಎಂದು ಯೋಚಿಸಿದರು. 1867ರಲ್ಲಿ ಕಾನೂನು ತಿದ್ದುಪಡಿಯಾಗಿ, ಜೀವವಿರುವ ಪ್ರಾಣಿಗಳೆಲ್ಲವೂ ಅದರ ಆಶ್ರಯಕ್ಕೆ ಬಂದವು.

ಆತನ ಮುಂದಿನ ಇಪ್ಪತ್ತು ವರ್ಷಗಳು ಹೆಚ್ಚಾಗಿ ಬೀದಿಯಲ್ಲಿಯೇ ಕಳೆದವು. ಕಸಾಯಿಖಾನೆಗಳಿಗೆ ಹೋಗುವನು, ನಾಯಿಕಾಳಗದ ಗುಂಡಿಗಳ ಮೇಲೆ ದಾಳಿ ಮಾಡಿಸುವನು, ಹಗಲು ನ್ಯಾಯಾಲಯದಲ್ಲಿ ವಾದಿಸಿ, ರಾತ್ರಿ ಉಪನ್ಯಾಸ ಮಾಡುವನು. ಸಾರಾಯಿ ಭಟ್ಟಿಗಳ ಗಸಿಯನ್ನು ಕುಡಿಸಿ, ಮಿಸುಕಲೂ ಎಡೆಯಿಲ್ಲದ ಕೊಟ್ಟಿಗೆಗಳಲ್ಲಿ ಹಸುಗಳನ್ನು ಕಟ್ಟುತ್ತಿದ್ದವರ ಮೇಲೆ ಮೊಕದ್ದಮೆ ಹೂಡಿದನು. ಆ ರೋಗಿಷ್ಠ ಹಸುಗಳ ಹಾಲನ್ನೇ ನಗರದ ಕೂಸುಗಳು ಕುಡಿಯುತ್ತಿದ್ದವು. ಬೀದಿಗಳಲ್ಲಿ ಕುದುರೆಗಳಿಗೆ ನೀರಿನ ತೊಟ್ಟಿಗಳಾದವು. 1867ರಲ್ಲಿ ಗಾಯಗೊಂಡ ಕುದುರೆಗಳನ್ನು ಸಾಗಿಸಲು ಸಂಘವು ಒಂದು ಗಾಡಿಯನ್ನು ಹೂಡಿತು. ಗಾಯಗೊಂಡ ಮನುಷ್ಯರನ್ನು ಸಾಗಿಸುವ ಗಾಡಿಯನ್ನು ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆ ಹೂಡಿದ್ದು ಎರಡು ವರ್ಷ ತಡವಾಗಿ!

1872ರ ಶರತ್ಕಾಲದಲ್ಲಿ ಕುದುರೆಗಳಿಗೆ ಒಂದು ಬಗೆಯ ಸಾಂಕ್ರಾಮಿಕ ಜ್ವರ ಹತ್ತಿತು. ಕೆನಡದಿಂದ ಹೊರಟು ದೇಶವನ್ನೆಲ್ಲ ವ್ಯಾಪಿಸಿತು. ಲಾಯಲಾಯಗಳಲ್ಲಿ ಕುದುರೆಗಳು ಕೆಮ್ಮುತ್ತ, ತಲೆ ಜೋಲಿಸಿ ನಿಂತವು. ಕಲ್ಲಿದ್ದಲು ಬಾರದು, ಸರಕು ಸಾಗದು, ಟ್ರಾಮು ಓಡದು. ಕಂಪೆನಿಗಳವರು ಕಾಯಿಲೆಯ ಕುದುರೆಗಳನ್ನೇ ಹೊರಗೆಳೆದು ಕಟ್ಟಿದಾಗ ಬರ್ಗನೂ ಆತನ ಜನರೂ ದಾರಿಯಲ್ಲಿ ನಿಂತು ಗಾಡಿಗಳನ್ನು ತಡೆದರು. ಎಷ್ಟೋ ಕಡೆ ಮನುಷ್ಯರೇ ನೊಗಕ್ಕೆ ಹೆಗಲು ಕೊಟ್ಟು ಗಾಡಿಗಳನ್ನೆಳೆದರು. ಅಷ್ಟು ದಿನ ಕುದುರೆಗಳು ಎಳೆದ ಭಾರವೆಷ್ಟೆಂಬುದು ಅವರ ಹೆಗಲಿಗೆ ಗೊತ್ತಾಗಿರಬೇಕು.

ಭಾರತೀಯರಾದ ನಮಗೆ ಸ್ವಾರಸ್ಯವೆನಿಸುವ ಸಂಗತಿಯೊಂದುಂಟು. ಲೂಯಿ ಬೊನಾರ್ ಎಂಬ ಫ್ರೆಂಚ್ ವ್ಯಾಪಾರಿ ಬಡವನಂತೆ ಬಾಳಿ, 1871ರಲ್ಲಿ ಸಾಯುವಾಗ ತನ್ನ ಆಸ್ತಿಯನ್ನು ಸಂಘಕ್ಕೆ ಬರೆದನು. ಬೆಲೆ ಲಕ್ಷ ಡಾಲರಿಗೂ ಮಿಗಿಲು. ಬಂಧುಗಳು ನ್ಯಾಯಾಲಯಕ್ಕೆ ಹೋದರು. ಮನುಷ್ಯನ ಆತ್ಮವು ಸತ್ತ ಮೇಲೆ ಪ್ರಾಣಿಗಳ ದೇಹವನ್ನು ಸೇರುವುದೆಂದು ಆತನು ನಂಬಿದ್ದನು, ಆದ್ದರಿಂದ ಬುದ್ಧಿಭ್ರಮಣೆಯಾಗಿತ್ತು ಎಂಬುದು ಅವರ ವಾದ. ಪುನರ್ಜನ್ಮವನ್ನು ನಂಬಿದ ಮಾತ್ರಕ್ಕೆ ಹುಚ್ಚನಾಗನೆಂದು ನ್ಯಾಯಾಲಯ ತೀರ್ಮಾನಿಸಿತು.

1874ರಲ್ಲಿ ಬರ್ಗನ ಬಳಿಗೆ ಎಟ್ಟಾ ವೀಲರ್ ಎಂಬ ಸಮಾಜಸೇವಕಿ ಬಂದಳು. ಮೇರಿ ಎಲೆನ್ ಎಂಬ ಸುಮಾರು ಹತ್ತು ವರ್ಷದ ಹುಡುಗಿಯನ್ನು ಸಾಕಿದವಳು ಪ್ರತಿದಿನ ಹೊಡೆಯುವಳು, ಹೊರಗೆ ಬಿಡಳು. ಎಲ್ಲಿ ಮೊರೆಯಿಟ್ಟರೂ ಫಲವಿಲ್ಲ. ಬರ್ಗನು ಗೂಢವಾಗಿ ವಿಚಾರಣೆ ಮಾಡಿಸಿ, ಸಂಘದ ವಕೀಲ ಎಲ್ಬ್ರಿಜ್ ಗೆರಿಯ ಮೂಲಕ ನ್ಯಾಯಾಲಯಕ್ಕೆ ಅರ್ಜಿ ಹಾಕಿಸಿದನು. ಹರಕು ಬಟ್ಟೆಯ ಮಗುವನ್ನು ಗಾಡಿಯ ಕಂಬಳಿಯಲ್ಲಿ ಸುತ್ತಿ ತಂದರು. ಮುಖದ ಮೇಲೆ ಕತ್ತರಿಯ ಗಾಯವಿತ್ತು. ಸಾಕಿದವಳಿಗೆ ಒಂದು ವರ್ಷದ ಸೆರೆಯಾಯಿತು. ಮಗುವೂ ಒಂದು ಪ್ರಾಣಿಯೆಂದು ವಾದಿಸಿ ಬರ್ಗನು ಪ್ರಾಣಿಗಳ ಕಾನೂನಿನಿಂದಲೇ ಅವಳನ್ನು ಬಿಡಿಸಿದನೆಂದು ಹಲವು ಪುಸ್ತಕಗಳಲ್ಲಿದೆ. ಕಥೆ ಚೆನ್ನಾಗಿದೆ, ನಿಜವಲ್ಲ. ಆತನು ಈ ಕೆಲಸದಲ್ಲಿ ತೊಡಗಿದ್ದು ಸಂಘದ ಅಧ್ಯಕ್ಷನಾಗಿ ಅಲ್ಲ, ಒಬ್ಬ ನಾಗರಿಕನಾಗಿ. ಈ ಪ್ರಸಂಗದಿಂದಲೇ ಮಕ್ಕಳ ರಕ್ಷಣೆಗಾಗಿ ಬೇರೊಂದು ಸಂಘ ಹುಟ್ಟಿತು. ಮೇರಿ ಎಲೆನ್ ಹಳ್ಳಿಯಲ್ಲಿ ಬೆಳೆದು, ಮದುವೆಯಾಗಿ, ಮಕ್ಕಳನ್ನು ಪಡೆದು, 1956ರಲ್ಲಿ ತೊಂಬತ್ತೆರಡು ವರ್ಷದ ವೃದ್ಧೆಯಾಗಿ ತೀರಿಕೊಂಡಳು.

ಬರ್ಗನು ತಪ್ಪೇ ಮಾಡದವನೆಂದು ಭಾವಿಸಬಾರದು. ಅಪರಾಧಿಗಳನ್ನು ಚಾವಟಿಯಿಂದ ಹೊಡೆಸಬೇಕೆಂದು ವಾದಿಸುತ್ತಿದ್ದನು. ಕುದುರೆಗೆ ಬೇಡವಾದ ಚಾವಟಿ ಮನುಷ್ಯನಿಗೆ ಹೇಗೆ ಸಲ್ಲುವುದೋ ತಿಳಿಯದು. ಸರ್ಕಸ್ಸಿನ ಬಾರ್ನಮ್ಮನೊಡನೆ ಆತನ ಜಗಳ ಬಹುಕಾಲ ನಡೆಯಿತು. 1880ರಲ್ಲಿ ಸಲಮಾಂಡರ್ ಎಂಬ ಕುದುರೆ ಉರಿಯುವ ಬಳೆಗಳನ್ನು ದಾಟುವ ಆಟವನ್ನು ನಿಲ್ಲಿಸಲು ಬರ್ಗನು ತನ್ನವರನ್ನು ಕಳುಹಿಸಿದನು. ಬಾರ್ನಮ್ಮನು ಜನರೆದುರಿಗೆ ತಾನೇ ಆ ಬಳೆಗಳೊಳಗೆ ನಡೆದು ತೋರಿಸಿದನು. ಬೆಂಕಿ ಸುಡುವಂಥದಾಗಿರಲಿಲ್ಲ. ಬರ್ಗನ ಕಡೆಯವನೂ ಬಳೆಗಳನ್ನು ದಾಟಿ ನೋಡಿ, ತಪ್ಪು ತಮ್ಮದೆಂದು ಒಪ್ಪಿಕೊಂಡನು. ಸೋಜಿಗವೆಂದರೆ, ಈ ಬಾರ್ನಮ್ಮನೇ ಮುಂದೆ ಬರ್ಗನ ಸ್ನೇಹಿತನಾದನು. ಜೀವಂತ ಪ್ರಾಣಿಗಳನ್ನು ಸೀಳಿ ನಡೆಸುವ ಪ್ರಯೋಗಗಳನ್ನು ನಿಲ್ಲಿಸಬೇಕೆಂದು ಬರ್ಗನು ತಂದ ಮಸೂದೆಗೆ ಮಾತ್ರ ಶಾಸನಸಭೆ ಒಪ್ಪಲಿಲ್ಲ.

ಆತನನ್ನು ಕಂಡು ಬೇರೆ ಊರುಗಳವರೂ ಕೆಲಸಕ್ಕೆ ತೊಡಗಿದರು. ಫಿಲಡೆಲ್ಫಿಯದಲ್ಲಿ ಕ್ಯಾರೊಲಿನ್ ವೈಟ್ ಎಂಬ ಮಹಿಳೆ ಬರ್ಗನ ಸಲಹೆ ಪಡೆದು ಸಂಘವನ್ನು ಕಟ್ಟಲು ದುಡಿದಳು. ಬಾಸ್ಟನ್ನಿನಲ್ಲಿ ಜಾರ್ಜ್ ಏಂಜೆಲ್ 1868ರಲ್ಲಿ ಸಂಘ ಸ್ಥಾಪಿಸಿದನು. 1882ರಲ್ಲಿ ಶಾಲಾಮಕ್ಕಳಿಗಾಗಿಯೇ ದಯಾಮಂಡಲಿಗಳನ್ನು ತೆರೆದನು. ಮುಂಬಯಿಯಲ್ಲಿ ಪ್ರಾಣಿಹಿಂಸಾ ನಿವಾರಣ ಸಂಘ ಹುಟ್ಟಿದ್ದು 1874ರಲ್ಲಿ, ಕುದುರೆಯ ಟ್ರಾಮು ಓಡತೊಡಗಿದ ವರ್ಷವೇ. ಪರೇಲಿನಲ್ಲಿ ದೀನ್‌ಶಾ ಪೇಟಿಟ್ ಅವರ ದಾನದಿಂದಾದ ಪ್ರಾಣಿಗಳ ಆಸ್ಪತ್ರೆಯನ್ನು ನಡೆಸುವವರು ಈ ಸಂಘದವರೇ.

ವಯಸ್ಸು ಎಪ್ಪತ್ತು ಮೀರಿದ ಮೇಲೆ ಬರ್ಗನ ಆರೋಗ್ಯ ಕುಗ್ಗಿತು. 1888ರ ಮಾರ್ಚ್ 12ರ ಬೆಳಗಿನ ಜಾವ ಆತನು ತನ್ನ ಮನೆಯಲ್ಲಿ ಪ್ರಾಣ ಬಿಟ್ಟನು. ಅಂದು ನ್ಯೂಯಾರ್ಕಿಗೆ ಅದುವರೆಗೆ ಯಾರೂ ಕಾಣದಂಥ ಹಿಮದ ಬಿರುಗಾಳಿ ಬಡಿದಿತ್ತು. ತಂತಿಗಳು ಹರಿದುಬಿದ್ದವು, ಬೀದಿಗಳು ಹಿಮದಲ್ಲಿ ಹೂತವು. ಟ್ರಾಮುಗಳು ಇದ್ದಲ್ಲಿಯೇ ಸಿಕ್ಕಿಕೊಂಡವು. ಗಾಡಿಯವರು ಅವುಗಳನ್ನು ಹಳಿಗಳ ಮೇಲೆಯೇ ಬಿಟ್ಟು, ಕುದುರೆಗಳನ್ನು ಬಿಚ್ಚಿ, ಹಿಮದಲ್ಲಿ ದಾರಿ ಮಾಡಿಕೊಂಡು ಲಾಯಗಳ ಕಡೆಗೆ ನಡೆಸಿಕೊಂಡು ಹೋದರು.